ಪೇಷಂಟ್ ಶಿಫ್ಟಿಂಗ್: ಹೊಸ ಸಿಸ್ಟರ್‌ಗಳಿಗೆ ನೀವು ಹೇಗೆ ಕಲಿಸುತ್ತೀರಿ?

ಕೊಪ್ಪಳದ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿದ್ದೇನೆ. ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗಿಯರ ಹೊಸ ಬ್ಯಾಚ್ ಬಂದಿದೆ. ಇವರಿಗೆ ಪೇಷಂಟ್ ಶಿಫ್ಟಿಂಗ್, ಅಂದರೆ ಮಲಗಿದ ರೋಗಿಯನ್ನು ಸರಿಸುವುದು, ಕಾಟ್‌ನಿಂದ ಟ್ರಾಲಿಗೋ ಕುರ್ಚಿಗೋ ಹಾಕುವುದು, ಇದರ ಬಗ್ಗೆ ಒಂದು ಕ್ಲಾಸ್ ತಗೊಳ್ಳಿ ಎಂದು ಮೇಲಿನವರು ಹೇಳಿದ್ದಾರೆ. ಒಂದು ಗಂಟೆ, ಪ್ರೊಜೆಕ್ಟರ್, ಕೊನೆಗೆ ಎಲ್ಲರ ಸಹಿ, ಒಂದು ಗ್ರೂಪ್ ಫೋಟೋ. ಫೈಲ್ ರೆಡಿ.

ನನಗೆ ಫೈಲ್ ಅಲ್ಲ, ಕೆಲಸ ಆಗಬೇಕು. ನಮ್ಮಲ್ಲಿ ಸ್ವಲ್ಪ ಸೀನಿಯರ್ ಆದ ಸಿಸ್ಟರ್‌ಗಳಲ್ಲಿ ಸೊಂಟ ನೋವು ಇಲ್ಲದವರನ್ನು ಹುಡುಕಬೇಕು. ಕಾಲೇಜಿನಲ್ಲಿ ಬೊಂಬೆ ಇಟ್ಟು ಕಲಿಸುತ್ತಾರೆ. ಬೊಂಬೆ ಹೆದರಿ ಕುತ್ತಿಗೆಗೆ ಜೋತು ಬೀಳುವುದಿಲ್ಲ. ಅದಕ್ಕೆ ಮೂತ್ರದ ಪೈಪು, ಅಂದರೆ ಕ್ಯಾತೆಟರ್ ಇರುವುದಿಲ್ಲ. ಪಕ್ಕದಲ್ಲಿ ಅದರ ಅಳಿಯ ನಿಂತು "ಸಾವಕಾಶ ರೀ ಸಿಸ್ಟರ್" ಎನ್ನುವುದಿಲ್ಲ. ನಮ್ಮ ಕಾಟ್‌ಗಳ ಎತ್ತರ ಬದಲಾಗುವುದಿಲ್ಲ. ಎರಡು ಕಾಟ್ ನಡುವೆ ಒಬ್ಬರು ಅಡ್ಡ ತಿರುಗಿ ನಿಲ್ಲುವಷ್ಟೇ ಜಾಗ. ಇಂಥ ಕಡೆ ಏನು ಕಲಿಸಬೇಕು? ಬಳ್ಳಾರಿ, ರಾಯಚೂರು ಕಡೆಯವರು ಇದ್ದರೆ ಬರೆಯಿರಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ವಿಡಿಯೋ ಮಾತ್ರ ಕಳಿಸಬೇಡಿ. ಆ ಮಂಚ ನಮ್ಮಲ್ಲಿ ಇಲ್ಲ.

ನಿವೃತ್ತ ಟ್ಯೂಟರ್, ಬಳ್ಳಾರಿ

ನಾನು ನರ್ಸಿಂಗ್ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವಳು. ಮೊದಲ ವರ್ಷದ ಫೌಂಡೇಷನ್ ಪಾಠವನ್ನೇ ಗಟ್ಟಿ ಮಾಡಿಸಿ ಸಿಸ್ಟರ್. ಕಾಲು ಅಗಲಿಸಿ ನಿಲ್ಲಬೇಕು. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಬೇಕು. ಭಾರ ಮೈಗೆ ಹತ್ತಿರ ಇರಬೇಕು. ತಿರುಗುವಾಗ ಸೊಂಟ ತಿರುಚಬಾರದು, ಪಾದವನ್ನೇ ತಿರುಗಿಸಬೇಕು. ಈಗಿನ ಮಕ್ಕಳು ಪರೀಕ್ಷೆಗೆ ಬರೆದು ಮರೆತುಬಿಡುತ್ತಾರೆ. ದಿನಾ ಡ್ಯೂಟಿಗೆ ಮುಂಚೆ ಸ್ವಲ್ಪ ಹೊತ್ತು ಮಾಡಿಸಿದರೆ ಮೈಗೆ ರೂಢಿಯಾಗುತ್ತದೆ.

ಫಿಸಿಯೋ, ರಾಯಚೂರು

ಮೇಡಂ, ನೀವು ಹೇಳಿದ್ದು ನೆಲದ ಮೇಲಿನ ಪೆಟ್ಟಿಗೆ ಎತ್ತುವವರಿಗೆ ಸರಿ. ಮಂಚದ ಪಕ್ಕ ನಿಂತು ಮಂಡಿ ಬಗ್ಗಿಸಿದರೆ ಅದು ಕಾಟ್‌ನ ಕಂಬಿಗೆ ಬಡಿಯುತ್ತದೆ. ಮಲಗಿದವರನ್ನು ಹಿಡಿಯಲು ಕೈ ಮುಂದೆ ಚಾಚಲೇಬೇಕು. ಚಾಚಿದ ಕೂಡಲೇ ಭಾರ ಮೈಯಿಂದ ದೂರ ಹೋಯಿತು, ಎಲ್ಲಾ ಒತ್ತಡ ಸೊಂಟದ ಕೆಳಭಾಗಕ್ಕೆ ಬಂತು. ಗಂಗಾವತಿಯ ರೈಸ್ ಮಿಲ್ಲಿನ ಹಮಾಲರು 50 ಕೆಜಿ ಚೀಲ ಹೊರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಬಹುದು ರೀ. ಅದು ಅರ್ಧ ದಾರಿಯಲ್ಲಿ ಕೈ ಬೀಸುವುದಿಲ್ಲ. (ಹಮಾಲರ ಬೆನ್ನೂ ಚೆನ್ನಾಗಿಲ್ಲ, ನನ್ನ ಹತ್ತಿರ ಬರುವವರಲ್ಲಿ ಅವರೂ ಇದ್ದಾರೆ.)

ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ನಯೋಶ್ ಎಂಬ ಸರ್ಕಾರಿ ಸಂಸ್ಥೆ ಇದೆ. ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತುವ ವಸ್ತುವಿಗೆ 23 ಕೆಜಿ ಮಿತಿ ಎನ್ನುವುದು ಅವರ ಸೂತ್ರ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ವಿಷಯಕ್ಕೆ ಅದನ್ನು 35 ಪೌಂಡ್‌ಗೆ ಇಳಿಸಿದರು. ಅಂದರೆ ಸುಮಾರು 16 ಕೆಜಿ. 70 ಕೆಜಿ ಮನುಷ್ಯನ ಒಂದು ಕಾಲೇ ಸುಮಾರು 11 ಕೆಜಿ ತೂಗುತ್ತದೆ. ಇನ್ನು ಇಡೀ ಮನುಷ್ಯನ ಲೆಕ್ಕ ನೀವೇ ಹಾಕಿ. ಇಬ್ಬರು ಸೇರಿ ಎತ್ತಿದರೆ ಪರವಾಗಿಲ್ಲ ಅನ್ನುವುದೂ ನಿಲ್ಲಲಿಲ್ಲ. 1999ರಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮರಾಸ್ ತಂಡ ಬೆನ್ನುಮೂಳೆಯ ಮೇಲಿನ ಒತ್ತಡ ಅಳೆದು ನೋಡಿತು. ಇಬ್ಬರು ಎತ್ತಿದಾಗಲೂ ಅಪಾಯ ಜಾಸ್ತಿಯೇ ಇತ್ತು.

ಹಾಗಾಗಿ ಕ್ಲಾಸಿನ ಮೊದಲ ಮಾತೇ "ಎತ್ತಬೇಡಿ" ಆಗಿರಲಿ. ಸರಿಸಿ, ಹೊರಳಿಸಿ, ಜಾರಿಸಿ, ರೋಗಿಯಿಂದಲೇ ಮಾಡಿಸಿ. ಎತ್ತುವ ಪಾಠ ಚೆನ್ನಾಗಿ ಕಲಿಸಿದಷ್ಟೂ ಅವರು ಎತ್ತಲು ಹೋಗುತ್ತಾರೆ.

ನಿವೃತ್ತ ಟ್ಯೂಟರ್, ಬಳ್ಳಾರಿ

ಹೇಳುವುದು ಸುಲಭ ಸರ್. ರಾತ್ರಿ ಎರಡು ಗಂಟೆಗೆ ಇಡೀ ವಾರ್ಡಿಗೆ ಒಬ್ಬಳೇ ಹುಡುಗಿ ಇರುತ್ತಾಳೆ. ಟೀಚಿಂಗ್ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು ಎಂದು ನರ್ಸಿಂಗ್ ಕೌನ್ಸಿಲ್ ಲೆಕ್ಕ. ಆ ಲೆಕ್ಕ ಎಲ್ಲಿ ನಡೆಯುತ್ತಿದೆ ತೋರಿಸಿ. ರೋಗಿ ಜಾರಿ ಕೆಳಗೆ ಬಂದು ಮುದುಡಿ ಕೂತಿದ್ದಾನೆ, ಉಸಿರಾಟಕ್ಕೆ ಕಷ್ಟ ಆಗುತ್ತಿದೆ. ಆಗ ಅವಳು ಎತ್ತದೆ ನಿಮ್ಮ ಸಂಶೋಧನೆ ಓದುತ್ತಾ ಕೂರಬೇಕಾ?

ಫಿಸಿಯೋ, ರಾಯಚೂರು

ಕೋಪ ಬೇಡ ಮೇಡಂ, ನಾವಿಬ್ಬರೂ ಒಂದೇ ಕಡೆ ಇದ್ದೇವೆ. ಜನ ಕಡಿಮೆ ಇದ್ದಾರೆ ಅನ್ನುವುದು ನಿಜ. ಆದರೆ ಜನ ಕೊಡದೆ, ಶೀಟ್ ಕೊಡದೆ, "ಭಂಗಿ ಸರಿ ಮಾಡಿಕೋ" ಎಂದರೆ ಬೆನ್ನು ಹೋದಾಗ ತಪ್ಪು ಅವಳದ್ದೇ ಆಗುತ್ತದೆ. ಸುಮ್ನೆ ಅವಳ ಮೇಲೆ ಹಾಕಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ನೀವು ಹೇಳಿದ ಅದೇ ರೋಗಿಯನ್ನು ತೆಗೆದುಕೊಳ್ಳಿ. ಮೊದಲು ತಲೆಯ ಕಡೆ ಎತ್ತಿಟ್ಟಿದ್ದನ್ನು ಇಳಿಸಿ, ಕಾಟ್ ಮಟ್ಟಸ ಮಾಡಿ. ಉಸಿರಾಟದ ತೊಂದರೆ ಇದ್ದರೆ ಮಟ್ಟಸ ಇಡುವುದು ಸರಿಸುವಷ್ಟು ಹೊತ್ತು ಮಾತ್ರ, ಅದನ್ನೂ ತಡೆಯದವರಿಗೆ ಸ್ವಲ್ಪವೇ ಇಳಿಸಿ. ದಿಂಬನ್ನು ತಲೆಯ ಮೇಲಿನ ಕಂಬಿಗೆ ಒರಗಿಸಿಡಿ, ತಲೆ ಬಡಿಯುವುದಿಲ್ಲ. ಆಮೇಲೆ ಕೇಳಿ: "ಅಜ್ಜ, ಎರಡೂ ಮಂಡಿ ಮಡಚುತ್ತೀರಾ? ಹಿಮ್ಮಡಿ ಒತ್ತಿ ಮೇಲಕ್ಕೆ ತಳ್ಳಿ." ಅರ್ಧ ಜನ ತಾವೇ ಮೇಲಕ್ಕೆ ಹೋಗುತ್ತಾರೆ. ನಾವು ಕೇಳುವುದೇ ಇಲ್ಲ. ಮಲಗಿದ್ದಾರೆ ಅಂದರೆ ಏನೂ ಆಗುವುದಿಲ್ಲ ಎಂದುಕೊಳ್ಳುತ್ತೇವೆ. ಆಗದವರಿಗೆ ಮಾತ್ರ ಇನ್ನೊಬ್ಬರನ್ನು ಕರೆದು ಡ್ರಾ ಶೀಟ್ (ರೋಗಿಯ ಮೈಕೆಳಗೆ ಅಡ್ಡ ಹಾಸಿದ ಬಟ್ಟೆ) ಹಿಡಿದು ಸರಿಸಿ.

ನೈಟ್ ಡ್ಯೂಟಿ ಬ್ರದರ್

ಬಳ್ಳಾರಿಯಲ್ಲಿ ಐಸಿಯು ಡ್ಯೂಟಿ ಮಾಡುತ್ತೇನೆ. ನಮ್ಮಲ್ಲಿ ಹೊಸಬರಿಗೆ ಸೀನಿಯರ್‌ಗಳು ಕಲಿಸುವ ರೀತಿ ಹೇಳುತ್ತೇನೆ, ಬೇಕಾದ್ದು ತಗೊಳ್ಳಿ.

ಕೈ ಹಾಕುವ ಮುಂಚೆ ಪೈಪುಗಳು. ತಲೆಯಿಂದ ಕಾಲಿನವರೆಗೆ ಒಂದೊಂದನ್ನೂ ಬೆರಳಿಟ್ಟು ತೋರಿಸಿ ಹೇಳಬೇಕು. ಆಕ್ಸಿಜನ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹೋಗುವುದು), ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ್ದು), ಐವಿ, ಐಸಿಡಿ (ಎದೆಯೊಳಗಿನ ಗಾಳಿ, ನೀರು ಹೊರತೆಗೆಯುವುದು), ಡ್ರೇನ್, ಕ್ಯಾತೆಟರ್. ಯಾವುದು ಯಾವ ಕಡೆ ಹೋಗುತ್ತಿದೆ, ಎಷ್ಟು ಸಡಿಲ ಇದೆ ನೋಡಬೇಕು. ಐಸಿಡಿ ಬಾಟಲ್ ಎದೆಗಿಂತ ಕೆಳಗೇ ಇರಬೇಕು. ಶಿಫ್ಟ್ ಮಾಡುವಾಗ ಅದನ್ನು ಕ್ಲಾಂಪ್ ಮಾಡಿ (ಪೈಪು ಒತ್ತಿ ಮುಚ್ಚಿ) ಹೊಟ್ಟೆ ಮೇಲೆ ಇಡುವ ಅಭ್ಯಾಸ ಹಲವು ಕಡೆ ಇದೆ. ಶ್ವಾಸಕೋಶದಿಂದ ಗಾಳಿ ಸೋರುತ್ತಿರುವ ರೋಗಿಗೆ ಹಾಗೆ ಕ್ಲಾಂಪ್ ಹಾಕಿದರೆ ಒಳಗೆ ಗಾಳಿ ತುಂಬಿ ಪ್ರಾಣಕ್ಕೆ ಬರುತ್ತದೆ. ಡಾಕ್ಟರ್ ಹೇಳದೆ ಕ್ಲಾಂಪ್ ಮುಟ್ಟಬಾರದು. ಯೂರಿನ್ ಬ್ಯಾಗ್ ಕೂಡ ಅಷ್ಟೇ. ಟ್ರಾಲಿಗೆ ಹಾಕುವಾಗ ಕಾಲುಗಳ ನಡುವೆ ಇಟ್ಟರೆ ಮೂತ್ರ ವಾಪಸ್ ಹೋಗುತ್ತದೆ. ಮೊದಲು ಖಾಲಿ ಮಾಡಿ, ಆಮೇಲೆ ರೋಗಿ ಹೋಗುವ ಕಡೆಗೇ ಕೆಳಗೆ ಸಿಕ್ಕಿಸಿ. ಅದನ್ನು ಹಳೇ ಕಾಟ್‌ಗೇ ಬಿಟ್ಟು ರೋಗಿಯನ್ನು ಎಳೆದರೆ ಏನಾಗುತ್ತದೆ ಎಂದು ಇಲ್ಲಿ ಬರೆಯುವುದು ಬೇಡ.

ಎರಡನೆಯದು ಡ್ರಾ ಶೀಟ್ ಹಿಡಿಯುವ ರೀತಿ. ಶೀಟಿನ ಅಂಚನ್ನು ರೋಗಿಯ ಮೈವರೆಗೆ ಸುರುಳಿ ಸುತ್ತಿ ಹಿಡಿಯಬೇಕು. ಸಡಿಲ ಅಂಚು ಹಿಡಿದರೆ ಬಟ್ಟೆ ಮಾತ್ರ ಬರುತ್ತದೆ, ರೋಗಿ ಅಲ್ಲೇ ಇರುತ್ತಾನೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ತೋಳಿನಿಂದ ಎಳೆಯಬೇಡಿ. ಮೈ ಭಾರವನ್ನು ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಬಿಡಿ, ಶೀಟ್ ತಾನಾಗಿ ಬರುತ್ತದೆ. ಒಂದೇ ಎಳೆತಕ್ಕೆ ಪೂರ್ತಿ ತರಬೇಕು ಅಂತೇನಿಲ್ಲ. ಎರಡು ಮೂರು ಸಲ ಸ್ವಲ್ಪ ಸ್ವಲ್ಪ ತನ್ನಿ.

ಲೆಕ್ಕ ಹೇಳುವವರು ಒಬ್ಬರೇ, ತಲೆ ಹಿಡಿದವರು. ನಮ್ಮಲ್ಲಿ ಕನ್ನಡ, ತೆಲುಗು, ಉರ್ದು, ಮಲಯಾಳಂ ಎಲ್ಲಾ ಇದೆ. ಮೂರು ಅಂದ ಮೇಲೆ ಎಳೆಯಬೇಕೋ, ಮೂರು ಅನ್ನುವಾಗಲೇ ಎಳೆಯಬೇಕೋ ಮೊದಲೇ ಮಾತಾಡಿಕೊಳ್ಳಬೇಕು. ಇದನ್ನು ಮಾತಾಡದೆ ಎಳೆದ ದಿನ ಒಬ್ಬರ ಸೊಂಟ ಹಿಡಿದುಕೊಳ್ಳುತ್ತದೆ.

ಸ್ಟೋರ್ಸ್ ನೋಡುವವನು

ನಾನು ನರ್ಸ್ ಅಲ್ಲ. ಆಸ್ಪತ್ರೆ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಒಂದು ಕಡೆ ಪೇಷಂಟ್ ಲಿಫ್ಟ್, ಅಂದರೆ ರೋಗಿಯನ್ನು ಎತ್ತುವ ಯಂತ್ರ ತರಿಸಿದ್ದರು, ಬ್ಯಾಟರಿಯದ್ದು, ದುಬಾರಿ. ಈಗ ಬಟ್ಟೆ ಹೊದ್ದು ಮೂಲೆಯಲ್ಲಿದೆ. ಕಾರಣ ಕೇಳಿ. ಅದರ ಕಾಲುಗಳು ಕಾಟ್ ಕೆಳಗೆ ಹೋಗಬೇಕು. ಕಾಟ್ ಕೆಳಗೆ ಅಡ್ಡಕಂಬಿ ಇದೆ. ಜೊತೆಗೆ ರೋಗಿಯ ಕಡೆಯವರ ಚೀಲ, ಬುತ್ತಿ, ಚಾಪೆ. ತರಿಸುವ ಮುಂಚೆ ಟೇಪ್ ಹಿಡಿದು ಯಾರೂ ಅಳೆಯಲಿಲ್ಲ. ರೋಗಿಯನ್ನು ತೂಗುವ ಬಟ್ಟೆ, ಸ್ಲಿಂಗ್, ಒಂದೇ ಸೈಜ್ ಬಂದಿತ್ತು. ಅದೂ ಲಾಂಡ್ರಿಗೆ ಹೋಗಿದ್ದು ವಾಪಸ್ ಬರಲಿಲ್ಲ.

ಕೊಳ್ಳುವುದಾದರೆ ಮೊದಲು ಸ್ಲೈಡ್ ಶೀಟ್ ಕೊಳ್ಳಿ. ನುಣುಪು ನೈಲಾನ್ ಬಟ್ಟೆ, ಕೊಳವೆ ತರಹ ಹೊಲಿದಿರುತ್ತಾರೆ. ಎರಡು ಪದರ ಒಂದರ ಮೇಲೊಂದು ಜಾರುತ್ತವೆ. ಲಿಫ್ಟ್‌ನ ದುಡ್ಡಿಗೆ ಎಲ್ಲಾ ವಾರ್ಡಿಗೂ ಕೊಟ್ಟು ಇನ್ನೂ ಉಳಿಯುತ್ತದೆ.

ಕೊಪ್ಪಳದ ಸಿಸ್ಟರ್

ನಮ್ಮಲ್ಲಿ ಮ್ಯಾಕಿಂತೋಷ್ ಎಂಬ ರಬ್ಬರ್ ಶೀಟ್ ಮೇಲೆ ಕಾಟನ್ ಡ್ರಾ ಶೀಟ್ ಹಾಕುತ್ತೇವೆ. ರಬ್ಬರ್ ಶೀಟ್ ಬೆವರಿಗೆ ಅಂಟಿಕೊಳ್ಳುತ್ತದೆ. ಏಪ್ರಿಲ್, ಮೇನಲ್ಲಿ ಕೇಳುವುದೇ ಬೇಡ. ಎಳೆದರೆ ಬೆನ್ನಿನ ಚರ್ಮವೇ ಎಳೆದು ಬರುತ್ತದೆ. ಬೆಡ್ ಸೋರ್ ಅರ್ಧ ಇಲ್ಲೇ ಶುರು ಅನಿಸುತ್ತದೆ ನನಗೆ. ಎರಡು ಗಂಟೆಗೊಮ್ಮೆ ಪೊಸಿಷನ್ ಚೇಂಜ್ ಮಾಡುತ್ತೇವೆ. ಪ್ರತಿ ಸಲ ಹೀಗೆ ಉಜ್ಜಿದರೆ ಏನು ಬಂತು?

ಫಿಸಿಯೋ, ರಾಯಚೂರು

ಸರಿಯಾಗಿ ಹೇಳಿದಿರಿ. ಮೇಲಿನ ಚರ್ಮ ಶೀಟಿಗೆ ಅಂಟಿ ನಿಲ್ಲುತ್ತದೆ, ಒಳಗಿನ ಮೂಳೆ ಮುಂದೆ ಹೋಗುತ್ತದೆ. ನಡುವಿನ ರಕ್ತನಾಳಗಳು ಹಿಗ್ಗಿ ತಿರುಚುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಹುಣ್ಣು ತಯಾರಾಗುತ್ತಿರುತ್ತದೆ. ಸ್ಲೈಡ್ ಶೀಟಿನ ದೊಡ್ಡ ಲಾಭ ನರ್ಸ್ ಬೆನ್ನಿಗಿಂತ ರೋಗಿಯ ಚರ್ಮಕ್ಕೆ. ಮ್ಯಾನೇಜ್‌ಮೆಂಟ್ ಒಪ್ಪಿಸಲು ಈ ಮಾತೇ ಹೇಳಿ. ನರ್ಸ್ ಸೊಂಟಕ್ಕೆ ದುಡ್ಡು ಬಿಚ್ಚದವರೂ ಬೆಡ್ ಸೋರ್ ಕಂಪ್ಲೇಂಟಿಗೆ ಹೆದರುತ್ತಾರೆ.

ಒಂದು ಎಚ್ಚರ. ಕೆಲಸ ಆದ ಕೂಡಲೇ ಸ್ಲೈಡ್ ಶೀಟ್ ತೆಗೆಯಬೇಕು. ಕೆಳಗೇ ಬಿಟ್ಟರೆ ರೋಗಿ ಕಾಟ್‌ನಿಂದ ಜಾರಿ ಬೀಳುತ್ತಾನೆ. ಅದರಲ್ಲಿ ಯಾರನ್ನೂ ಎತ್ತಲೂಬಾರದು. ಅದು ಜಾರಿಸಲು ಮಾತ್ರ.

ಸಿಂಧನೂರಿನ ಮಗ

ನಾನು ಆಸ್ಪತ್ರೆಯವನಲ್ಲ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಪ್ಪಗೆ ಲಕ್ವಾ ಹೊಡೆದು ಎಡಗಡೆ ಬಿದ್ದಿದೆ. ಅಡ್ಮಿಟ್ ಇದ್ದಾಗ ಕೂರಿಸಲು ಎಲ್ಲರೂ ಎಡಗೈ ಹಿಡಿದೋ, ಕಂಕುಳಕ್ಕೆ ಕೈ ಹಾಕಿಯೋ ಎಳೆಯುತ್ತಿದ್ದರು. ನಾವೂ ಹಾಗೇ ಕಲಿತೆವು. ಈಗ ಭುಜ ಮುಟ್ಟಿದರೆ ಅಳುತ್ತಾರೆ. ಭುಜದ ಕೀಲು ಸಡಿಲ ಆಗಿದೆ ಎಂದು ಆಮೇಲೆ ತೋರಿಸಿದ ಡಾಕ್ಟರ್ ಹೇಳಿದರು. ಮನೆಯಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ಮಂಚದಿಂದ ಕುರ್ಚಿಗೆ ಕೂರಿಸುವುದು ಹೇಗೆ? ಡಿಸ್ಚಾರ್ಜ್ ದಿನ ಮಾತ್ರೆ ಚೀಟಿ ವಿವರಿಸಿದರು, ಇದನ್ನು ಯಾರೂ ಹೇಳಲಿಲ್ಲ.

ಫಿಸಿಯೋ, ರಾಯಚೂರು

ಒಳ್ಳೆಯದಾಯಿತು ಕೇಳಿದ್ದು. ಬಿದ್ದ ಕೈಯನ್ನು ಎಂದೂ ಎಳೆಯಬೇಡಿ. ಭುಜದ ಕೀಲನ್ನು ಹಿಡಿದಿಡುವುದು ಸುತ್ತಲಿನ ಸ್ನಾಯು. ಅದು ಸತ್ವ ಕಳೆದುಕೊಂಡಾಗ ತೋಳು ತನ್ನ ಭಾರಕ್ಕೇ ಕೆಳಗೆ ಜೋಲುತ್ತದೆ. ಅದನ್ನು ಎಳೆದರೆ ಮುಗಿಯಿತು. ಕಂಕುಳಕ್ಕೆ ಕೈ ಹಾಕಿ ಎತ್ತುವುದನ್ನು ಇಂಗ್ಲೆಂಡಿನ ನರ್ಸ್‌ಗಳಿಗೆ ಮಾಡಲೇಬಾರದು ಎಂದು ಕಲಿಸುತ್ತಾರೆ. ನಮ್ಮ ವಾರ್ಡ್‌ಗಳಲ್ಲಿ ದಿನಾ ನಡೆಯುವುದು ಅದೇ.

ಅಪ್ಪನಿಗೆ ಬಲಗಡೆ ಚೆನ್ನಾಗಿದೆ ಅಲ್ವಾ? ಕುರ್ಚಿಯನ್ನು ಬಲಗಡೆಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇಡಿ. ವೀಲ್‌ಚೇರ್ ಆದರೆ ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ. ಮೊದಲು ಬಲಕ್ಕೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಡಿಸಿ, ಹಾಗೇ ಎದ್ದು ಕೂರಲಿ. ಎದ್ದ ಕೂಡಲೇ ನಿಲ್ಲಿಸಬೇಡಿ. ಬಹಳ ದಿನ ಮಲಗಿದವರಿಗೆ ಬಿಪಿ ಇಳಿದು ತಲೆ ತಿರುಗುತ್ತದೆ. ಒಂದೆರಡು ನಿಮಿಷ ಕೂತು ಮಾತಾಡಲಿ. ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಅವ್ವ ಎದುರು ನಿಂತು, ಬಿದ್ದ ಕಡೆಯ ಮಂಡಿಗೆ ತನ್ನ ಮಂಡಿ ಒತ್ತಿ ಹಿಡಿಯಲಿ. ಅದು ಮಡಚಿಕೊಳ್ಳಬಾರದು. ಅಪ್ಪನ ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ, ಅದನ್ನು ಹಿಡಿಯಲಿ. "ಮೂಗು ಮುಂದೆ ತನ್ನಿ" ಎನ್ನಿ. ತಲೆ ಮುಂದೆ ಬಂದರೆ ಹಿಂಭಾಗ ತಾನಾಗಿ ಏಳುತ್ತದೆ. ಬಲಗಾಲಿನ ಮೇಲೆ ತಿರುಗಿ ಕೂರಲಿ. ಅಪ್ಪ ಅವ್ವನ ಕುತ್ತಿಗೆ ಹಿಡಿಯಬಾರದು, ಇದು ಬಹಳ ಮುಖ್ಯ. ಮೊದಮೊದಲು ಅವ್ವ ಒಬ್ಬಳೇ ಮಾಡುವುದು ಬೇಡ. ಊರಿನ ಫಿಸಿಯೋ ಒಬ್ಬರನ್ನು ಮನೆಗೆ ಕರೆಸಿ, ಅವರ ಎದುರೇ ಅವ್ವ ಮಾಡಿ ತೋರಿಸಲಿ. ಅಪ್ಪನಿಗೆ ಕಾಲಿನ ಮೇಲೆ ಭಾರ ಬಿಡಲು ಆಗದಿದ್ದರೆ ಈ ಕ್ರಮ ಬೇಡವೇ ಬೇಡ.

ಸಿಂಧನೂರಿನ ಮಗ

ಬಹಳ ಉಪಕಾರ ಆಯಿತು ಸರ. ಅವ್ವನಿಗೆ ಓದಿ ಹೇಳಿದೆ. "ನಾನು ಕುತ್ತಿಗಿ ಕೊಟ್ಟೇ ಎಬ್ಬಸ್ತಿದ್ದೆ" ಎಂದಳು.

ಓಟಿ ಟೆಕ್ನಿಷಿಯನ್

ಒಂದು ವಿಷಯ ಯಾರೂ ಹೇಳಿಲ್ಲ. ಸಿಸೇರಿಯನ್ ಆದ ಮೇಲೆ ಬೆನ್ನಿಗೆ ಕೊಟ್ಟ ಸ್ಪೈನಲ್ ಅರಿವಳಿಕೆ ಇಳಿದಿರುವುದಿಲ್ಲ. ಕಾಲು ಇದೆಯೋ ಇಲ್ಲವೋ ಆ ತಾಯಿಗೆ ಗೊತ್ತಾಗುವುದಿಲ್ಲ. ಟ್ರಾಲಿಯಿಂದ ಕಾಟ್‌ಗೆ ಹಾಕುವಾಗ ಕಾಲು ಅಂಚಿನಿಂದ ಜೋತು ಬಿದ್ದರೂ ಆಕೆ ಹೇಳುವುದಿಲ್ಲ. ಕಾಲಿಗೆ ಅಂತಲೇ ಒಬ್ಬರು ಬೇಕು. ಎರಡನೆಯದು ಟ್ರಾಲಿ ಬ್ರೇಕ್. ನಾನು ಕೆಲಸ ಮಾಡಿದ ಒಂದು ಕಡೆ ಬ್ರೇಕ್ ಕೆಟ್ಟು ತಿಂಗಳುಗಟ್ಟಲೆ ಆಗಿತ್ತು. ಚಕ್ರಕ್ಕೆ ಇಟ್ಟಿಗೆ ಕೊಡುತ್ತಿದ್ದರು. ರೋಗಿ ಅರ್ಧ ದಾಟಿದಾಗ ಟ್ರಾಲಿ ಸರಿದರೆ ನಡುವೆ ಬೀಳುವುದೇ. ಕ್ಲಾಸ್ ತಗೊಳ್ಳುವ ಮುಂಚೆ ಎಲ್ಲಾ ಟ್ರಾಲಿಗಳ ಬ್ರೇಕ್ ಒತ್ತಿ ನೋಡಿ ಸಿಸ್ಟರ್.

ಹೈವೇ ಕ್ಯಾಶುವಾಲ್ಟಿ

ನಾವು 67ನೇ ಹೈವೇ ಪಕ್ಕದವರು. ಬೈಕು, ಲಾರಿ, ಟ್ರ್ಯಾಕ್ಟರ್ ಆಕ್ಸಿಡೆಂಟ್ ಬರುತ್ತಲೇ ಇರುತ್ತವೆ. 108 ಬಂದರೆ ಸ್ಪೈನ್ ಬೋರ್ಡ್ ಮೇಲೆ ತರುತ್ತಾರೆ. ಊರಿನವರು ತಂದರೆ ಟಂಟಂ ಗಾಡಿಯಲ್ಲಿ ಮಡಚಿ ಕೂರಿಸಿಕೊಂಡು ಬರುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಬಿಟ್ಟು ಬಂದಿಲ್ಲವಲ್ಲ. ಆದರೆ ಬಾಗಿಲ ಹತ್ತಿರ ಬಂದ ಮೇಲೆ ನಮ್ಮ ಜವಾಬ್ದಾರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಿನ ಅನುಮಾನ ಇದ್ದರೆ ಮೇಲೆ ಹೇಳಿದ ಯಾವ ಕ್ರಮವೂ ನಡೆಯುವುದಿಲ್ಲ. ಲಾಗ್ ರೋಲ್ ಒಂದೇ. ತಲೆಗೆ ಒಬ್ಬರು, ಎದೆ, ಸೊಂಟ, ಕಾಲಿಗೆ ಮೂವರು, ಬೆನ್ನು ನೋಡಲು, ಬೋರ್ಡ್ ಇಡಲು ಇನ್ನೊಬ್ಬರು. ತಲೆಯವರು ಹೇಳಿದಾಗ ಮಾತ್ರ, ತಲೆಯೂ ಮೈಯೂ ಒಂದೇ ತುಂಡಾಗಿ ತಿರುಗಬೇಕು. ಅಷ್ಟು ಜನ ಇಲ್ಲದಿದ್ದರೆ ಸೆಕ್ಯುರಿಟಿಯವರನ್ನು ಕರೆಯಿರಿ. ಅವರಿಗೂ ಮೊದಲೇ ಕಲಿಸಿರಬೇಕು, ಆ ಹೊತ್ತಿನಲ್ಲಿ ಕಲಿಸಲು ಆಗುವುದಿಲ್ಲ.

ವಾರ್ಡ್ ಅಟೆಂಡರ್

ಕೊನೆಗೂ ಒಬ್ಬರು ನಮ್ಮ ಹೆಸರು ತೆಗೆದಿರಿ. ನಾನು ಡಿ ಗ್ರೂಪ್, ಹೊರಗುತ್ತಿಗೆ. ಇಷ್ಟು ಹೊತ್ತು ಎಲ್ಲರೂ ಸಿಸ್ಟರ್, ಸಿಸ್ಟರ್ ಅಂತಿದ್ದೀರಿ. ವಾರ್ಡಿನಲ್ಲಿ ನಿಜವಾಗಿ ಪೇಷಂಟ್ ಎತ್ತುವವರು ಯಾರು? ನಾವು, ಆಯಾ ಅಕ್ಕಂದಿರು, ಪೇಷಂಟ್ ಕಡೆಯವರು. ಸಿಸ್ಟರ್ ಒಂದು ಕೈಯಲ್ಲಿ ಸಲೈನ್ ಹಿಡಿದು ಇನ್ನೊಂದು ಕೈ ಕೊಡುತ್ತಾರೆ. ಟ್ರೇನಿಂಗ್ ಬಂದಾಗ ನಮ್ಮನ್ನು ಕರೆಯುವುದು ಕುರ್ಚಿ ಹಾಕಲು, ಚಹಾ ತರಲು. ಏಜೆನ್ಸಿ ಬದಲಾದರೆ ಹೊಸ ಹುಡುಗರು ಬರುತ್ತಾರೆ. ಅವರಿಗೆ ಮೊದಲ ದಿನವೇ "ಹಿಡಿ ಅಲ್ಲಿ" ಅಷ್ಟೇ. ಐಸಿಡಿ ಎದೆಗಿಂತ ಕೆಳಗೆ ಇರಬೇಕು ಎಂದು ನನಗೆ ಇವತ್ತು ಇಲ್ಲಿ ಓದಿ ಗೊತ್ತಾಯಿತು.

ನಿವೃತ್ತ ಟ್ಯೂಟರ್, ಬಳ್ಳಾರಿ

ತಮ್ಮಾ, ನೀನು ಹೇಳಿದ್ದು ನೂರಕ್ಕೆ ನೂರು. ನಾವು ಪರೀಕ್ಷೆಗೆ ಕೂರುವವರಿಗೆ ಮಾತ್ರ ಪಾಠ ಮಾಡಿದೆವು. ಸಿಸ್ಟರ್, ಹಾಜರಿ ಹಾಳೆಯಲ್ಲಿ ಇವರ ಸಹಿ ಮೊದಲು ಹಾಕಿಸಿ.

ಸುಮ್ನೆ ಓದುವವಳು

ಸೊಂಟದ ಬೆಲ್ಟ್ ಕಟ್ಟಿಕೊಂಡು ಡ್ಯೂಟಿ ಮಾಡಿದರೆ ಸಾಕಲ್ವಾ? ನಮ್ಮ ಅಕ್ಕ ಹಾಗೇ ಮಾಡುತ್ತಾಳೆ.

ಫಿಸಿಯೋ, ರಾಯಚೂರು

ಸಾಲದು. ನೋವು ಇಲ್ಲದವರು ಬೆಲ್ಟ್ ಕಟ್ಟಿಕೊಂಡರೆ ಪೆಟ್ಟು ತಪ್ಪುತ್ತದೆ ಎನ್ನಲು ಆಧಾರ ಇಲ್ಲ ಎಂದು ನಯೋಶ್ 1994ರಲ್ಲೇ ಹೇಳಿತು. ಬೆಲ್ಟ್ ಕಟ್ಟಿದ ಧೈರ್ಯಕ್ಕೆ ಜಾಸ್ತಿ ಭಾರ ಎತ್ತುತ್ತಾರೆ. ಅಕ್ಕನಿಗೆ ನೋವಿದ್ದರೆ ತೋರಿಸಿಕೊಳ್ಳಲಿ.

ನೈಟ್ ಡ್ಯೂಟಿ ಬ್ರದರ್

ಫಿಸಿಯೋ ಸರ್, ಒಂದು ತಕರಾರು. ಜನ, ಶೀಟ್ ಕೊಡದೆ ಭಂಗಿ ಮಾತ್ರ ಕಲಿಸಿದರೆ ಆಗುವುದಿಲ್ಲ ಅಂದಿರಿ. 2011ರ ಕಾಕ್ರನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ನಾನೂ ನೋಡಿದ್ದೇನೆ. ಅದರಲ್ಲಿ ಸಲಕರಣೆ ಜೊತೆ ತರಬೇತಿ ಕೊಟ್ಟರೂ ಬೆನ್ನು ನೋವು ತಪ್ಪಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಹಾಗಾದರೆ ಶೀಟ್ ಕೊಂಡು ಏನು?

ಫಿಸಿಯೋ, ರಾಯಚೂರು

ಒಳ್ಳೆಯ ಏಟು. ನಿಜ, ಹಾಗೇ ಇದೆ. ನನ್ನ ಅಭಿಪ್ರಾಯ ಇಷ್ಟು: ಶೀಟ್ ಬೀರುವಿನಲ್ಲಿ ಬೀಗ ಹಾಕಿಟ್ಟು ಕ್ಲಾಸ್ ಮಾಡಿದರೆ ಏನೂ ಆಗುವುದಿಲ್ಲ. ಸ್ಟೋರ್ಸ್ ಅಣ್ಣ ಹೇಳಿದ ಲಿಫ್ಟ್ ಕಥೆ ನೋಡಿ. ವಸ್ತು ಕಾಟ್‌ಗೆ ತೂಗಿಹಾಕಿರಬೇಕು, ಇಬ್ಬರು ಬರುವವರೆಗೆ ಕಾಯಲು ಬಿಡುವ ಇನ್‌ಚಾರ್ಜ್ ಇರಬೇಕು. ಇಂಗ್ಲೆಂಡಿನಲ್ಲಿ 1992ರ ಮ್ಯಾನುಯಲ್ ಹ್ಯಾಂಡ್ಲಿಂಗ್ ನಿಯಮ ಮಾಲೀಕನಿಗೇ ಹೇಳುತ್ತದೆ: ಅಪಾಯದ ಎತ್ತುವಿಕೆಯನ್ನು ಸಾಧ್ಯವಾದಷ್ಟು ತಪ್ಪಿಸು, ತಪ್ಪಿಸಲು ಆಗದ್ದನ್ನು ಅಳೆದು ನೋಡು, ಅಪಾಯ ಕಡಿಮೆ ಮಾಡು. ಕಲಿಸುವುದು ಆಮೇಲೆ. ನಮ್ಮಲ್ಲಿ 1948ರ ಫ್ಯಾಕ್ಟರಿ ಕಾಯ್ದೆಯ 34ನೇ ಸೆಕ್ಷನ್ ಪೆಟ್ಟಾಗುವಷ್ಟು ಭಾರ ಹೊರಿಸಬಾರದು ಎನ್ನುತ್ತಿತ್ತು. ಅದು ಇದ್ದದ್ದು ಕಾರ್ಖಾನೆಗೆ. ವಾರ್ಡ್ ಕಾರ್ಖಾನೆ ಅಲ್ಲವಲ್ಲ!

ಕೊಪ್ಪಳದ ಸಿಸ್ಟರ್

ಎಲ್ಲಾ ಓದಿದೆ. ಪ್ರೊಜೆಕ್ಟರ್ ಬಿಟ್ಟೆ. ವಾರ್ಡಿನಲ್ಲೇ, ಖಾಲಿ ಇರುವ ಮೂಲೆಯ ಕಾಟ್ ಮೇಲೆ ಮಾಡುತ್ತೇನೆ. ಎಲ್ಲರೂ ಒಂದೊಂದು ಸಲ ರೋಗಿಯಾಗಿ ಮಲಗಬೇಕು. ಕೈಗೆ ಖಾಲಿ ಸಲೈನ್ ಸೆಟ್, ಪಕ್ಕದಲ್ಲಿ ನೀರು ತುಂಬಿದ ಯೂರಿನ್ ಬ್ಯಾಗ್ ಟೇಪ್ ಹಾಕಿ ಅಂಟಿಸುತ್ತೇನೆ. ಕಂಕುಳಕ್ಕೆ ಕೈ ಹಾಕಿ ಎಳೆದರೆ ಎಷ್ಟು ನೋಯುತ್ತದೆ ಎಂದು ಅವರಿಗೇ ಗೊತ್ತಾಗಲಿ. ಮೂರೂ ಶಿಫ್ಟಿನ ಅಟೆಂಡರ್, ಆಯಾ, ಸೆಕ್ಯುರಿಟಿ ಬರುತ್ತಾರೆ. ಹಗಲು ಒಂದು ಸಲ, ರಾತ್ರಿಯವರಿಗೆ ಒಂದು ಸಲ. ಲಕ್ವಾ ಪೇಷಂಟ್‌ಗಳ ಮನೆಯವರಿಗೆ ಡಿಸ್ಚಾರ್ಜ್‌ಗೆ ಮುಂಚೆ ಮಾಡಿ ತೋರಿಸಿ, ಅವರಿಂದ ಮಾಡಿಸಿಯೇ ಕಳಿಸುವುದು.

ಎರಡು ತೊಡಕು ಉಳಿದಿವೆ. ಹೆಣ್ಣು ರೋಗಿಗಳನ್ನು ಗಂಡು ಅಟೆಂಡರ್ ಮುಟ್ಟುವುದಕ್ಕೆ ಮನೆಯವರು ಒಪ್ಪುವುದಿಲ್ಲ. ರಾತ್ರಿ ಆಯಾ ಒಬ್ಬರೇ ಇರುತ್ತಾರೆ. ಇನ್ನೊಂದು, ಸ್ಲೈಡ್ ಶೀಟ್ ಮಂಜೂರಾಗಲು ಸಮಯ ಹಿಡಿಯುತ್ತದೆ. ಇಲ್ಲೇ ಟೇಲರ್ ಹತ್ತಿರ ಹೊಲಿಸಬಹುದಾ?

ವಾರ್ಡ್ ಅಟೆಂಡರ್

ಮೊದಲನೆಯದಕ್ಕೆ ನಾವು ಮಾಡುವುದು ಇದು ಅಕ್ಕ. ಮೇಲೆ ಇನ್ನೊಂದು ಶೀಟ್ ಹೊದಿಸಿ, ಗಂಡಸರು ಕೆಳಗಿನ ಶೀಟಿನ ಅಂಚು ಮಾತ್ರ ಹಿಡಿಯುತ್ತೇವೆ. ಮೈಗೆ ಕೈ ತಾಗುವುದಿಲ್ಲ. ಮುಂಚೆ "ಅವ್ವ, ಶೀಟ್ ಹಿಡಿದು ಸರಿಸುತ್ತೇವೆ" ಎಂದು ಹೇಳಿ, ಮಗಳನ್ನೋ ಸೊಸೆಯನ್ನೋ ತಲೆ ಹತ್ತಿರ ನಿಲ್ಲಿಸಿದರೆ ಯಾರೂ ಬೇಡ ಅನ್ನುವುದಿಲ್ಲ.

ಸ್ಟೋರ್ಸ್ ನೋಡುವವನು

ಹೊಲಿಸಬಹುದು. ಪ್ಯಾರಾಶೂಟ್ ಬಟ್ಟೆ ಅಂತ ಕೇಳಿ, ಛತ್ರಿ, ಜಾಕೆಟ್‌ಗೆ ಬಳಸುವಂಥದ್ದು. ನುಣುಪು ಭಾಗ ಒಳಗೆ ಬರುವಂತೆ ಕೊಳವೆ ಹೊಲಿಸಿ. ಭುಜದಿಂದ ತೊಡೆಯವರೆಗೆ ಬರಬೇಕು. ಹೊಲಿಗೆ ಡಬಲ್ ಇರಲಿ. ಬಣ್ಣ ಬೆಡ್‌ಶೀಟ್‌ಗಿಂತ ಬೇರೆ ಇರಲಿ, ಇಲ್ಲದಿದ್ದರೆ ಲಾಂಡ್ರಿಯಲ್ಲಿ ಕಳೆಯುತ್ತದೆ, ರೋಗಿ ಕೆಳಗೆ ಮರೆತರೂ ಕಾಣುವುದಿಲ್ಲ. ರಕ್ತ, ಮಲ ತಾಗಿದ್ದನ್ನು ಇನ್ನೊಬ್ಬರಿಗೆ ಬಳಸುವ ಹಾಗಿಲ್ಲ, ಅದಕ್ಕೆ ಕಾಟ್ ಲೆಕ್ಕಕ್ಕಿಂತ ನಾಲ್ಕು ಜಾಸ್ತಿ ಹೊಲಿಸಿ. ಮೊದಲು ಒಂದೇ ಹೊಲಿಸಿ, ನಿಮ್ಮ ಹುಡುಗಿಯರನ್ನೇ ಮಲಗಿಸಿ ಎಳೆದು ನೋಡಿ.

ಕೊಪ್ಪಳದ ಸಿಸ್ಟರ್

ಭುಜದಿಂದ ತೊಡೆಯವರೆಗೆ ಅಂದರೆ ಸುಮಾರು ಒಂದು ಮೀಟರ್ ಉದ್ದ. ಅಗಲ ಎಷ್ಟು ತಗೊಳ್ಳಲಿ ಅಣ್ಣಾ? ನಾಳೆ ಬಜಾರಿಗೆ ಹೋಗುತ್ತಿದ್ದೇನೆ.

ಸ್ಟೋರ್ಸ್ ನೋಡುವವನು

ಕಾಟ್ ಅಳೆದುಕೊಂಡು ಹೋಗಿ ಅಕ್ಕ. ಹೊಲಿದ ಮೇಲೆ ಹಾಸಿಗೆಗಿಂತ ಸ್ವಲ್ಪ ಕಡಿಮೆ ಅಗಲ ಇರಬೇಕು, ಬಟ್ಟೆ ಅದರ ಎರಡರಷ್ಟು ಬೇಕಾಗುತ್ತದೆ.